ಸೂಜಿಗಲ್ಲಿಗೆ ಅಂಟದ ಚಮಚ

ಯಾರ ಮೇಲಾದರೂ ಹಗೆ ಸಾಧಿಸಬೇಕೆಂದರೆ ಮೊದಲು ಅವರ ಅಂಗಡಿಗೆ ಗಿರಾಕಿಯಾಗಿ ಹೋಗಬೇಕು. ಬೈಯಲು ಹೋಗಬಾರದು, ಜಗಳಕ್ಕೂ ಹೋಗಬಾರದು. ಕೈಯಲ್ಲಿ ಚೀಲ ಹಿಡಿದು, ತಲೆ ಮೇಲೆ ಸೆರಗು ಹೊದ್ದು, ನಾಲ್ಕು ಸಾಮಾನಿನ ರೇಟು ಕೇಳಿ ಒಂದನ್ನು ಕೊಂಡು ಬರಬೇಕು. ತಂದದ್ದನ್ನು ಮನೆಯಲ್ಲಿ ಬಿಚ್ಚಿ ನೋಡಬೇಕು. ವೈರಿಯ ಹೊಟ್ಟೆಯಲ್ಲಿ ಏನಿದೆ ಅನ್ನುವುದು ಅವನ ಮಾತಿನಲ್ಲಿ ತಿಳಿಯುವುದಿಲ್ಲ, ಅವನು ಮಾರುವ ಮಾಲಿನಲ್ಲಿ ತಿಳಿಯುತ್ತದೆ. ನನಗೆ ಈ ಬುದ್ಧಿ ಬಂದದ್ದು ಕೊಟ್ಟೂರಿನಲ್ಲಿ, ಥರ್ಮಾಕೋಲಿನ ಒಂದು ಗಾಳಿಯಂತ್ರದಿಂದ.

ಆಗ ನನ್ನದು ಸ್ಟೀಲ್ ಪಾತ್ರೆ ವ್ಯಾಪಾರ. ಶುರುವಿನಲ್ಲಿ ಬುಟ್ಟಿ ಹೊತ್ತು, ಹಳೆ ಸೀರೆ ಪ್ಯಾಂಟುಗಳಿಗೆ ಪಾತ್ರೆ ಕೊಡುತ್ತಾ ಓಣಿ ಓಣಿ ತಿರುಗಿದವಳು ನಾನು. ಕೂಡ್ಲಿಗಿ ಸಂತೆ, ಹೊಸಹಳ್ಳಿ ಸಂತೆ, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಬಸ್ಸು ನಿಂತಲ್ಲೆಲ್ಲ ನನ್ನ ಬುಟ್ಟಿ ಇಳಿದಿದೆ. ಒಂದು ಹರಿದ ಪ್ಯಾಂಟಿಗೆ ಎಷ್ಟು ದೊಡ್ಡ ಬೋಗುಣಿ ಕೊಡಬಹುದು ಅನ್ನುವುದನ್ನು ಆ ಪ್ಯಾಂಟನ್ನು ಬೆಳಕಿಗೆ ಹಿಡಿದು ಹೇಳುತ್ತಿದ್ದೆ. ಹಾಗೆ ದುಡಿದು, ಕೊಟ್ಟೂರಿನ ಸ್ಟೇಷನ್ ರಸ್ತೆಯಲ್ಲಿ ಮುಂದೆ ಕಟ್ಟೆ ಇರುವ ಒಂದು ಸಣ್ಣ ಅಂಗಡಿ ಹಿಡಿದೆ. ಊರವರ ಬಾಯಲ್ಲಿ ನಾನು ಪಾತ್ರಿ ಅಕ್ಕ. ಮನೆಯವರು ಗಂಗಾವತಿ ಕಡೆ ಅಕ್ಕಿ ಗಿರಣಿಯಲ್ಲಿ ಕೆಲಸಕ್ಕಿದ್ದರು, ಹಬ್ಬಕ್ಕೆ ಬರುತ್ತಿದ್ದರು. ಮನೆಯಲ್ಲಿ ಇದ್ದವರು ನಾನು, ನನ್ನ ಮಗಳು.

ಚೌಕಾಸಿ ನನಗೆ ಅಪ್ಪನಿಂದ ಬಂದದ್ದು. ಅಪ್ಪ ದನದ ಸಂತೆಯಲ್ಲಿ ದಲಾಲಿ. ದನದ ವ್ಯಾಪಾರ ಬಾಯಲ್ಲಿ ಆಗುವುದಿಲ್ಲ. ಮಾರುವವನ ಕೈಯೂ ಕೊಳ್ಳುವವನ ಕೈಯೂ ಒಂದು ಟವೆಲ್ಲಿನ ಕೆಳಗೆ ಹೋಗುತ್ತವೆ. ಬೆರಳು ಹಿಡಿದರೆ ಒಂದು ಮಾತು, ಒತ್ತಿದರೆ ಇನ್ನೊಂದು, ಮುಷ್ಟಿ ಕಟ್ಟಿದರೆ ವ್ಯಾಪಾರ ಇಲ್ಲ ಅಂತ ಅರ್ಥ. ಸುತ್ತ ನಿಂತವರಿಗೆ ಇಬ್ಬರ ಮುಖ ಮಾತ್ರ ಕಾಣುತ್ತದೆ, ಆ ಮುಖದಲ್ಲಿ ಏನೂ ಇರುವುದಿಲ್ಲ. ಹೆಣ್ಣುಮಕ್ಕಳು ದನದ ಸಂತೆಗೆ ಹೋಗುವ ಹಾಗಿರಲಿಲ್ಲ. ಆದರೂ ಅಪ್ಪ ಮನೆಯಲ್ಲಿ ಊಟದ ಮುಂದೆ ಕೂತು ನನ್ನ ಕೈಯನ್ನು ಟವೆಲ್ ಕೆಳಗೆ ಎಳೆದುಕೊಂಡು ಕಲಿಸಿದ. "ಕಣ್ಣು ಸುಳ್ಳು ಹೇಳತೈತಿ, ನಾಲಿಗಿ ಸುಳ್ಳು ಹೇಳತೈತಿ. ಬೆರಳಿಗೆ ಅದು ಬರಂಗಿಲ್ಲ" ಅನ್ನುತ್ತಿದ್ದ. ಅಪ್ಪ ಹೋದ ಮೇಲೆ ಅವನ ಆಸ್ತಿಯಲ್ಲಿ ನಾನು ಕೇಳಿ ತಂದದ್ದು ಆ ಟವೆಲ್ ಒಂದನ್ನೇ.

ಮಗಳು ಆಗ ನಾಲ್ಕನೇ ಕ್ಲಾಸು. ಅವಳ ಕೈಗೆ ಸಿಕ್ಕಿದ್ದು ಇಡಿಯಾಗಿ ಉಳಿಯುತ್ತಿರಲಿಲ್ಲ. ಟಾರ್ಚು ಬಿಚ್ಚುವಳು, ಅಲಾರಾಂ ಗಡಿಯಾರ ಬಿಚ್ಚುವಳು, ಅವರಪ್ಪನ ರೇಡಿಯೋ ಬಿಚ್ಚುವಳು. ಬಿಚ್ಚಿದ್ದನ್ನು ತಿರುಗಿ ಕಟ್ಟಿಯೂ ಇಡುವಳು. ಒಮ್ಮೆ ಗಡಿಯಾರ ಕಟ್ಟಿ ಮುಗಿದ ಮೇಲೆ ನೆಲದ ಮೇಲೆ ಎರಡು ಸ್ಕ್ರೂ ಉಳಿದಿದ್ದವು. ಗಡಿಯಾರ ಟಿಕ್ ಟಿಕ್ ನಡೆಯುತ್ತಲೇ ಇತ್ತು.

"ಇವು ಎಲ್ಲಿವು ಲೇ?" ಅಂದೆ.

"ಅವು ಏನೂ ಬೇಕಾಗಿಲ್ಲ ಯವ್ವಾ. ಕಂಪನಿಯವರು ಸುಮ್ನ ಹಾಕಿರ್ತಾರ" ಅಂದಳು.

ಆ ವರ್ಷ ಅವಳ ಶಾಲೆಯಲ್ಲಿ ವಿಜ್ಞಾನ ಮೇಳ ಇಟ್ಟರು. ಮಕ್ಕಳು ಮಾದರಿ ಮಾಡಿ ತರಬೇಕು, ತಂದೆ ತಾಯಿ ಬಂದು ನೋಡಬೇಕು. ಊರಿನ ಮಾದರಿಗಳೆಲ್ಲ ಒಂದೇ ಅಂಗಡಿಯಿಂದ ಹೋದವು. ಶಾಲಾ ಸಮಿತಿಯ ಅಧ್ಯಕ್ಷನದೇ ಸ್ಟೇಷನರಿ ಮತ್ತು ಫ್ಯಾನ್ಸಿ ಅಂಗಡಿ ಅದು. ಥರ್ಮಾಕೋಲಿನ ಗಾಳಿಯಂತ್ರ, ಥರ್ಮಾಕೋಲಿನ ಜ್ವಾಲಾಮುಖಿ, ಥರ್ಮಾಕೋಲಿನ ಸೂರ್ಯ ಚಂದ್ರ ಎಲ್ಲ ಬಣ್ಣ ಬಳಿದು ಸಿದ್ಧ. ಕೆಳಗೆ ಮಗುವಿನ ಹೆಸರು ಬರೆದು ಅಂಟಿಸಿದರೆ ಮುಗಿಯಿತು. ಊರಿನವರು ಅವನನ್ನು ಸಾಹುಕಾರ ಅನ್ನುತ್ತಿದ್ದರು, ನಾನು ಮನಸ್ಸಿನಲ್ಲಿ ಥರ್ಮಾಕೋಲ್ ಸಾಹುಕಾರ ಅನ್ನುತ್ತಿದ್ದೆ.

ನನ್ನ ಮಗಳು ಅವನ ಅಂಗಡಿಗೆ ಹೋಗಲಿಲ್ಲ. ಪಂಪ್‌ಸೆಟ್ ಮೋಟರ್ ರಿಪೇರಿ ಮಾಡುವಲ್ಲಿ ತಾಮ್ರದ ತಂತಿಯ ತುಂಡು ಉಳಿದಿರುತ್ತದೆ. ನಾನು ಒಂದು ಲೋಟ ಕೊಟ್ಟು ತಂತಿ ತಂದೆ. ಅವಳು ಅದನ್ನು ದಪ್ಪ ಕಬ್ಬಿಣದ ಬೋಲ್ಟಿಗೆ ಒತ್ತೊತ್ತಾಗಿ ಸುತ್ತಿ, ತುದಿಗಳನ್ನು ಟಾರ್ಚಿನ ಸೆಲ್ಲಿಗೆ ಹಚ್ಚಿದಳು. ಬೋಲ್ಟು ಸೂಜಿಗಲ್ಲಾಯಿತು. ಸೆಲ್ ತೆಗೆದರೆ ಮತ್ತೆ ಬರೀ ಬೋಲ್ಟು. ನಮ್ಮ ಕಡೆ ಬಾವಿಗೆ ಕೊಡ ಬಿದ್ದರೆ ಪಾತಾಳಗರಡಿ ಅನ್ನುವ ಕೊಕ್ಕೆಗಳ ಗೊಂಚಲನ್ನು ಹಗ್ಗಕ್ಕೆ ಕಟ್ಟಿ ಇಳಿಬಿಟ್ಟು ತೆಗೆಯುತ್ತಾರಲ್ಲ, ಅದನ್ನು ನೋಡಿ ಇದಕ್ಕೆ ಕರೆಂಟಿನ ಪಾತಾಳಗರಡಿ ಅಂತ ಹೆಸರಿಟ್ಟಳು. ಎತ್ತರದ ಎಣ್ಣೆ ಡಬ್ಬಿಯೇ ಬಾವಿ. ಒಳಗೆ ಮೊಳೆ ಹಾಕುವುದು, ಬೋಲ್ಟು ಇಳಿಬಿಡುವುದು, ಮೊಳೆಗಳ ಗೊಂಚಲನ್ನು ಮೇಲೆತ್ತುವುದು. ಮೇಳಕ್ಕೆ ಮುಂಚೆ ಮನೆಯ ಮೊಳೆ, ಪಿನ್ನು, ಕತ್ತರಿ ಎಲ್ಲ ಆ ಬಾವಿಗೆ ಬಿದ್ದು ಎದ್ದವು.

ಮೇಳದ ದಿನ ಸಾಹುಕಾರ ಒಂದು ಕೈಯಲ್ಲಿ ಉಪ್ಪಿಟ್ಟಿನ ತಟ್ಟೆ ಹಿಡಿದು, ಹಿಂದೆ ಜನರನ್ನು ಕಟ್ಟಿಕೊಂಡು ಒಂದೊಂದೇ ಟೇಬಲ್ ನೋಡುತ್ತಾ ಬಂದ. ತನ್ನ ಅಂಗಡಿಯ ಮಾಲಿನ ಮುಂದೆಲ್ಲ "ಭೇಷ್, ಭೇಷ್" ಅಂದ. ಮಗಳ ಮುಂದೆ ನಿಂತ. ಅವಳು ಮೊಳೆ ಎತ್ತಿ ತೋರಿಸಿದಳು.

"ಮೊಳಿ ಎತ್ತಿದ್ರ ಏನು ಬಂತವಾ? ಯಾರರ ಬಾವ್ಯಾಗ ಮೊಳಿ ಬೀಳ್ತಾವೇನು?" ಅಂದವನೇ ಉಪ್ಪಿಟ್ಟಿನ ಚಮಚ ನೆಕ್ಕಿ ಡಬ್ಬಿಯೊಳಗೆ ಹಾಕಿದ. "ಇದನ್ನ ಎತ್ತು ನೋಡಣ."

ಬೋಲ್ಟು ಇಳಿಯಿತು, ಬರಿಗೈಯಲ್ಲಿ ಮೇಲೆ ಬಂತು. ಮಗಳು ಸೆಲ್ ಒತ್ತಿ ಹಿಡಿದಳು, ತಂತಿ ಸರಿ ಮಾಡಿದಳು, ಮತ್ತೆ ಇಳಿಸಿದಳು. ಚಮಚ ಏಳಲಿಲ್ಲ. ಸಾಹುಕಾರ ಡಬ್ಬಿ ಬಗ್ಗಿಸಿ ಚಮಚ ತೆಗೆದು ಅದರ ಹಿಡಿಕೆ ಓದಿದ. ಶಾಲೆಗೆ ಚಮಚಗಳನ್ನು ದಾನ ಕೊಟ್ಟವಳು ನಾನೇ. ಕೊಟ್ಟವರ ಹೆಸರು ಕೊರೆಸದೆ ನಮ್ಮಲ್ಲಿ ಯಾರೂ ಪಾತ್ರೆ ಕೊಡುವುದಿಲ್ಲ, ಹಾಗಾಗಿ ಹಿಡಿಕೆಯ ಮೇಲೆ ನನ್ನ ಅಂಗಡಿಯ ಹೆಸರಿತ್ತು.

"ಓಹೋ, ಪಾತ್ರಿ ಅಕ್ಕನ ಅಂಗಡೀದು" ಅಂದ, ಎಲ್ಲರಿಗೂ ಕೇಳುವ ಹಾಗೆ. "ಮಗಳ ಯಂತ್ರ ಖೋಟಾನೋ, ಅವ್ವನ ಸ್ಟೀಲು ಖೋಟಾನೋ, ಯಾರರ ಹೇಳ್ರಪ್ಪ."

ನಗೆ ಎದ್ದಿತು. ನಾನು ಮುಂದೆ ಬಂದು ಹೇಳಿದೆ: "ಸಾಹುಕಾರ್ರ, ಇಂಥ ಒಳ್ಳೆ ಸ್ಟೀಲು ಸೂಜಿಗಲ್ಲಿಗೆ ಹತ್ತಂಗಿಲ್ರಿ. ಮಾಲು ತರಾಕ ಹೋದಾಗ ನಾವು ಹಂಗ ಪರೀಕ್ಷೆ ಮಾಡೇ ಆರಿಸ್ತೀವಿ."

"ಹೌದೌದು. ನೀರು ಹೆಚ್ಚಿದ್ದಷ್ಟೂ ಹಾಲು ಒಳ್ಳೇದು ಅಂತ ಹಾಲು ಮಾರಾಕಿನೂ ಹೇಳ್ತಾಳ."

ಈಗ ನಗೆ ಎರಡು ಪಟ್ಟಾಯಿತು. ನನ್ನ ಮಾತು ನಿಜ, ಆದರೆ ನನ್ನ ಮಾಲಿನ ಬಗ್ಗೆ ನಾನೇ ಆಡಿದ ನಿಜ. ಅಂಥ ನಿಜಕ್ಕೆ ಸಂತೆಯಲ್ಲಿ ಬೆಲೆ ಇಲ್ಲ. ಬಹುಮಾನ ಒಂದು ಥರ್ಮಾಕೋಲ್ ಗಾಳಿಯಂತ್ರಕ್ಕೆ ಹೋಯಿತು. ಕೊಟ್ಟವನು ಅದನ್ನು ಮಾರಿದವನೇ.

ಮಗಳು ಮನೆಗೆ ಬಂದವಳೇ ತಂತಿ ಕಿತ್ತು ಬೋಲ್ಟನ್ನು ಒಲೆಯ ಮೂಲೆಗೆ ಎಸೆದಳು. ಅಳಲಿಲ್ಲ. ಅತ್ತಿದ್ದರೆ ಒಳ್ಳೆಯದಿತ್ತು. ಕೆಲವು ದಿನಕ್ಕೆ ಅಲಾರಾಂ ಗಡಿಯಾರ ನಿಂತಿತು. "ನೋಡವಾ ಇದನ್ನ" ಅಂತ ಮುಂದಿಟ್ಟೆ. ಕೈಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು, "ನನ್ನ ಕೈ ಖೋಟಾ ಐತಿ ಯವ್ವಾ, ನನಗ ಬರಂಗಿಲ್ಲ" ಅಂದಳು. ನಿಂತ ಗಡಿಯಾರವನ್ನು ನಾನು ಕಪಾಟಿನ ಮೇಲೆ ಹಾಗೇ ಇಟ್ಟೆ. ದಿನಾ ಅದನ್ನು ನೋಡಿದರೆ ಸಿಟ್ಟು ಆರುವುದಿಲ್ಲ ಅಂತ.

ಇತ್ತ ಅಂಗಡಿಗೆ ಗಿರಾಕಿಗಳು ಹಳೆ ರೇಡಿಯೋ ಸ್ಪೀಕರಿನಿಂದ ಕಿತ್ತ ಸೂಜಿಗಲ್ಲು ಹಿಡಿದು ಬರತೊಡಗಿದರು. ಕೊಡಕ್ಕೆ ಹಚ್ಚುವುದು, ತಟ್ಟೆಗೆ ಹಚ್ಚುವುದು, ಅಂಟಲಿಲ್ಲ ಅಂದರೆ ಬಾಯಿ ಸೊಟ್ಟ ಮಾಡಿ ಎದ್ದು ಹೋಗುವುದು. ಹೋಗಲಿ, ಗಿರಾಕಿಗಳು ಇವತ್ತು ಹೋದರೆ ನಾಳೆ ಬರುತ್ತಾರೆ. ಮಗಳ ಕೈ ಹೋದರೆ ಬರುವುದಿಲ್ಲ. ನನಗೆ ನ್ಯಾಯ ಬೇಕಿರಲಿಲ್ಲ. ಆ ಕೈ ಮತ್ತೆ ಸ್ಕ್ರೂ ಮೇಲೆ ಬೀಳಬೇಕಿತ್ತು, ಅದನ್ನು ಆ ಮನುಷ್ಯ ಬಾಯಿ ಮುಚ್ಚಿಕೊಂಡು ನೋಡಬೇಕಿತ್ತು.

ಅದಕ್ಕೇ ಗಿರಾಕಿಯಾಗಿ ಹೋದೆ. ಅವನ ಅಂಗಡಿಯಲ್ಲಿ ಮಾದರಿಗಳ ಮೇಲೆ ಒಂದು ಮರದ ಹಲಗೆ ತೂಗುತ್ತಿತ್ತು, ಕೆಂಪು ಬಣ್ಣದಲ್ಲಿ "ಮುಟ್ಟಬಾರದು" ಅಂತ ಬರೆದದ್ದು. ನಾನು ಗಾಳಿಯಂತ್ರ ತೋರಿಸಿ ಕೇಳಿದೆ.

"ಇದು ತಿರುಗತೈತೇನ್ರಿ?"

"ಏ, ತಿರುಗಸಬ್ಯಾಡ್ರಿ ಅಕ್ಕಾರ, ಮುರೀತೈತಿ. ಇದು ನೋಡಾಕಷ್ಟ." ಅವನಿಗೆ ಹಿಗ್ಗೋ ಹಿಗ್ಗು. "ಈಗ ಬುದ್ಧಿ ಬಂತು ನೋಡ್ರಿ. ಮುಂದಿನ ವರ್ಷಕ್ಕ ಈಗ್ಲೇ ತಗಂತೀರೇನು?"

"ಹೂನ್ರಿ. ಆ ಗಿಫ್ಟ್ ಡಬ್ಬ್ಯಾಗಿನ ಚಮಚಾನೂ ಕೊಡ್ರಿ. ನಮ್ಮವು ಖೋಟಾ ಅಂದ್ರೆಲ್ಲ, ಅಸಲಿ ಹೆಂಗಿರತಾವ ನೋಡ್ತೀನಿ."

ಬೇಕೆಂದೇ ಬಹಳ ಹೊತ್ತು ಚೌಕಾಸಿ ಮಾಡಿದೆ. ಚೌಕಾಸಿ ಮಾಡದ ಗಿರಾಕಿಯ ಮೇಲೆ ಅಂಗಡಿಯವನಿಗೆ ಅನುಮಾನ ಬರುತ್ತದೆ, ಇದು ನೆನಪಿರಲಿ.

ಮನೆಗೆ ತಂದು ಬಿಚ್ಚಿದೆ. ಬಿಚ್ಚಿದೆ ಅನ್ನುವುದೂ ತಪ್ಪು, ಬಿಚ್ಚಲು ಅದರಲ್ಲಿ ಏನೂ ಇರಲಿಲ್ಲ. ರೆಕ್ಕೆಗಳನ್ನು ಕಡ್ಡಿಗೆ ಅಂಟು ಹಾಕಿ ಮೆತ್ತಿದ್ದರು. ಗಾಳಿಯಂತ್ರ ಗಾಳಿಗೆ ಹೆದರುತ್ತಿತ್ತು. ಬಾಗಿಲು ತೆರೆದರೆ ಬೀಳುತ್ತಿತ್ತು. ಅವನ ಚಮಚಕ್ಕೆ ಸೂಜಿಗಲ್ಲು ಹಿಡಿದೆ, ಟಕ್ಕಂತ ಅಂಟಿತು. ಆಗ ನನಗೆ ಖುಷಿಯಾಯಿತು. ಒಂದು ಲೋಟದಲ್ಲಿ ಹುಣಸೆ ನೀರು ಉಪ್ಪು ಕಲಸಿ ಅವನ ಚಮಚ ಮುಳುಗಿಸಿದೆ, ಇನ್ನೊಂದರಲ್ಲಿ ನನ್ನದು. ಎರಡೂ ಗಾಜಿನ ಲೋಟಗಳನ್ನು ಅಂಗಡಿಯ ಗಲ್ಲಾದ ಮೇಲೆ ಎಲ್ಲರಿಗೂ ಕಾಣುವ ಹಾಗೆ ಇಟ್ಟೆ. ಯಾವ ಲೋಟ ಯಾರದು ಅಂತ ಮಾತ್ರ ಯಾರಿಗೂ ಹೇಳಲಿಲ್ಲ.

ಇನ್ನು ಸೂಜಿಗಲ್ಲು ಹಿಡಿದು ಬಂದವರ ಜೊತೆ ನಾನು ವಾದಕ್ಕಿಳಿಯಲಿಲ್ಲ. "ಅದನ್ನ ನಿಮ್ಮ ಹುಡುಗರ ಕೈಗೆ ಕೊಡ್ರಿ" ಅನ್ನುತ್ತಿದ್ದೆ. ಕೊಟ್ಟರೆ ಮುಗಿಯಿತು, ಮಗು ಅಂಗಡಿ ಬಿಟ್ಟು ಏಳುವುದಿಲ್ಲ. ಕೊಡ, ತಟ್ಟೆ, ತಕ್ಕಡಿಯ ಸರಪಳಿ, ಬಾಗಿಲ ಚಿಲಕ, ತಾಯಿಯ ಕಾಲುಂಗುರ ಎಲ್ಲಕ್ಕೂ ಹಚ್ಚುತ್ತದೆ. ಅಂಟಿದ್ದು ಒಂದು ಗುಡ್ಡೆ, ಅಂಟದ್ದು ಒಂದು ಗುಡ್ಡೆ. ಭಾನುವಾರ ಕಟ್ಟೆಯ ಮೇಲೆ ಚಾಪೆ ಹಾಸಿದೆ. ಒಂದು ಬುಟ್ಟಿಯಲ್ಲಿ ತಂತಿ, ಬೋಲ್ಟು, ಸೆಲ್ಲು, ಹಳೆ ಸ್ಪ್ರಿಂಗು ಇಟ್ಟೆ. ಮಕ್ಕಳು ಬಂದರು, ಮಕ್ಕಳನ್ನು ಕರೆಯಲು ಬಂದ ತಾಯಂದಿರು ಕೂತರು, ಅವರನ್ನು ಕರೆಯಲು ಬಂದ ಗಂಡಸರು ನಿಂತರು. ನಿಂತವರಿಗೆ ನಾನು ಮೊದಲು ಹಿಡಿಯಲು ಏನಾದರೂ ಕೊಡುತ್ತಿದ್ದೆ. ಕೈಯಲ್ಲಿ ಸಾಮಾನಿದ್ದ ಮನುಷ್ಯ ಬಹಳ ಹೊತ್ತು ನಿಲ್ಲಲಾರ, ಕೂರುತ್ತಾನೆ.

ಇಲ್ಲಿ ತಂದೆತಾಯಿಗಳಿಗೆ ಒಂದು ಮಾತು ಹೇಳಿಬಿಡುತ್ತೇನೆ, ಮರೆತೇನು. ಮೋಟರಿನ ತಾಮ್ರದ ತಂತಿಯ ಮೈಗೆ ತೆಳ್ಳಗೆ ಒಂದು ಲೇಪ ಇರುತ್ತದೆ. ತುದಿ ಉಜ್ಜಿ ಅದನ್ನು ತೆಗೆಯದಿದ್ದರೆ ಕರೆಂಟು ಹರಿಯುವುದಿಲ್ಲ. ಪ್ರತಿ ಮಗುವೂ ಉಜ್ಜದೇ ಹಚ್ಚುತ್ತದೆ, ಪ್ರತಿ ಅಪ್ಪನೂ "ಕೊಡಿಲ್ಲಿ" ಅಂತ ಕಿತ್ತುಕೊಂಡು ಅವನೂ ಉಜ್ಜದೇ ಹಚ್ಚುತ್ತಾನೆ. ಕಿತ್ತುಕೊಳ್ಳಬೇಡಿ. "ತಂತಿ ಅಂಗಿ ಹಾಕ್ಕೊಂಡೈತೇನು ನೋಡವಾ" ಅಂತಷ್ಟೇ ಅನ್ನಿ, ಮುಂದಿನದನ್ನು ಮಗುವೇ ಹುಡುಕಿಕೊಳ್ಳುತ್ತದೆ. ಸೆಲ್ಲಿಗೆ ತಂತಿ ಹಚ್ಚಿ ಹಾಗೇ ಬಿಡಬೇಡಿ, ಕಾದು ಕೈ ಸುಡುತ್ತದೆ. ಗೋಡೆಯ ಪ್ಲಗ್ಗಿನ ಹತ್ತಿರ ಈ ಆಟ ಎಂದಿಗೂ ಬೇಡ. ಮತ್ತೆ, ಸೂಜಿಗಲ್ಲಿಗೆ ಅಂಟಿದ್ದೆಲ್ಲ ಕೆಟ್ಟದ್ದು ಅಂತಲೂ ಹೇಳಿಕೊಡಬೇಡಿ. ಒಳ್ಳೆ ಚಾಕುಗಳು ಅಂಟುತ್ತವೆ, ಅವುಗಳ ಸ್ಟೀಲೇ ಬೇರೆ.

ಮಗಳು ಮಾತ್ರ ಚಾಪೆಗೆ ಬರಲಿಲ್ಲ. ಪಾತ್ರೆಯ ಅಟ್ಟಣಿಗೆಯ ಹಿಂದೆ ಕೂತು ಸಂದಿಯಿಂದ ನೋಡುತ್ತಿದ್ದಳು. ಒಂದು ಭಾನುವಾರ ಒಬ್ಬ ಹುಡುಗಿ ನನ್ನ ಚಮಚ ಹಿಡಿದು ಬಂದಳು. "ಅತ್ತಿ, ನಿಮ್ಮ ಚಮಚಾನೂ ಇಲ್ಲಿ ಕುತ್ತಿಗಿ ಹತ್ರ ಒಂಚೂರು ಎಳೀತೈತಿ." ನಾನು ಚಮಚ ತಿರುಗಿಸಿ ನೋಡಿದೆ. ಅಟ್ಟಣಿಗೆಯ ಹಿಂದಿನಿಂದ ಮಾತು ಬಂತು: "ಅಲ್ಲಿ ಬಡದು ಬಗ್ಗಿಸಿರ್ತಾರ. ಬಗ್ಗಿಸಿದಲ್ಲೆಲ್ಲ ಒಂಚೂರು ಎಳೀತೈತಿ. ತಟ್ಟಿ ಅಂಚೂ ನೋಡು." ನೋಡಿದರೆ ಹೌದು. ನಾನಿಲ್ಲದಾಗ ಅವಳು ಅಂಗಡಿಯ ಪಾತ್ರೆಗಳನ್ನೆಲ್ಲ ಪರೀಕ್ಷೆ ಮಾಡಿದ್ದಳು ಅಂತ ಆಗ ಗೊತ್ತಾಯಿತು. ಬುದ್ಧಿ ಎಲ್ಲಿಗೂ ಹೋಗಿರಲಿಲ್ಲ. ಕೈ ಮಾತ್ರ ಜನರ ಮುಂದೆ ಬರಲು ಹೆದರುತ್ತಿತ್ತು.

ಕೈಗೆ ನಾಚಿಕೆಯಾದರೆ ಕೈ ಮುಚ್ಚಬೇಕು, ಅಪ್ಪನ ವಿದ್ಯೆ ಅದೇ ಅಲ್ಲವೇ. ಅವನ ಟವೆಲ್ ತಂದೆ. ಚಾಪೆಯ ಮೇಲೆ ಹೊಸ ಆಟ ಶುರು ಮಾಡಿದೆ: ಟವೆಲ್ಲಿನ ಕೆಳಗೆ ಏನೋ ಒಂದಿರುತ್ತದೆ, ಮುಟ್ಟಿ ಹೇಳಬೇಕು. ಬೋಲ್ಟೋ, ಸ್ಪ್ರಿಂಗೋ, ವಾಷರ್ರೋ, ಹುಣಸೆ ಬೀಜವೋ. ಮಕ್ಕಳು ಕೇಕೆ ಹಾಕಿ ಆಡಿದರು. ಕಟ್ಟೆ ಖಾಲಿಯಾದ ಮೇಲೆ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡೆ. ಅವಳ ಕೈ ಟವೆಲ್ಲಿನ ಕೆಳಗೆ ಎಳೆದುಕೊಂಡೆ. ಒಲೆಯ ಮೂಲೆಯಿಂದ ಎತ್ತಿಟ್ಟಿದ್ದ ಆ ಬೋಲ್ಟು ಅಲ್ಲೇ ಇತ್ತು, ಪಕ್ಕದಲ್ಲಿ ತಂತಿ.

"ಇಲ್ಲಿ ಯಾರಿಗೂ ಕಾಣಂಗಿಲ್ಲ. ಕಾಣದ್ದಕ್ಕ ಯಾರೂ ನಗಂಗಿಲ್ಲ" ಅಂದೆ.

ಬಹಳ ಹೊತ್ತು ಟವೆಲ್ ಅಲ್ಲಾಡಲಿಲ್ಲ. ನಾನು ರಸ್ತೆ ನೋಡುತ್ತಾ ಕೂತೆ. ಆಮೇಲೆ ಟವೆಲ್ಲಿನ ಕೆಳಗೆ ಇಲಿ ಓಡಾಡಿದಂತೆ ಸಣ್ಣಗೆ ಏನೋ ಏಳತೊಡಗಿತು, ಬೀಳತೊಡಗಿತು. ತಂತಿ ಸುತ್ತುತ್ತಿದ್ದಳು. ಅಂದಿನಿಂದ ಅವಳು ಚಾಪೆಗೆ ಬಂದು ಕೂರುತ್ತಿದ್ದಳು, ಆದರೆ ಕೆಲಸವೆಲ್ಲ ಟವೆಲ್ಲಿನ ಕೆಳಗೇ. ತೆರೆದು ಮಾಡು ಅಂದರೆ ಕೈ ಮತ್ತೆ ಕಂಕುಳಿಗೆ. ನಾನು ಒತ್ತಾಯ ಮಾಡಲಿಲ್ಲ, ಮೇಳ ಬರುವುದಿತ್ತು.

ಮರುವರ್ಷದ ಮೇಳಕ್ಕೆ ಮುಂಚೆ ಶಾಲೆಯಲ್ಲಿ ಪಾಲಕರ ಸಭೆ ಕರೆದರು. ದೊಡ್ಡ ಮೇಡಂ ಒಂದು ಕಡೆ, ಸಾಹುಕಾರ ಅಧ್ಯಕ್ಷನ ಕುರ್ಚಿಯಲ್ಲಿ. ಚೌಕಾಸಿಯ ಮೊದಲ ಪಾಠ: ಬೇಕಾದದ್ದನ್ನು ಮೊದಲು ಕೇಳಬಾರದು. ನಾನು ಎದ್ದು, "ಅಂಗಡಿಯಿಂದ ತಂದ ಮಾದರಿ ಒಂದೂ ಶಾಲಿ ಒಳಗ ಬರಬಾರದು" ಅಂದೆ.

ಅವನು ಕುರ್ಚಿಯಿಂದ ಅರ್ಧ ಎದ್ದ. "ಹಂಗಾದ್ರ ಮನ್ಯಾಗ ಗುಜರಿ ಇಟ್ಟಂಡೋರ ಮಕ್ಕಳಷ್ಟ ಬರ್ಬೇಕಾ? ಉಳಿದ ಮಕ್ಕಳು ಏನು ಮಾಡ್ಬೇಕ್ರಿ?" ಅವನಲ್ಲಿ ಮಾದರಿ ಕೊಂಡು ಅಭ್ಯಾಸವಾದವರೆಲ್ಲ ಅವನ ಕಡೆ ಗೋಣು ಹಾಕಿದರು.

"ಹೋಗ್ಲಿ. ಬಣ್ಣನಾದ್ರೂ ಮಕ್ಕಳ ಬಳೀಲಿ."

"ಆಗಂಗಿಲ್ಲ. ಅಂಗಿಗೆಲ್ಲ ಬಣ್ಣ ಮಾಡ್ಕೊಂತಾವ."

ನಾನು ಸೋತವಳ ಹಾಗೆ ಉಸಿರು ಬಿಟ್ಟು ಕೂತೆ. ಕೂತಲ್ಲಿಂದಲೇ ಸಣ್ಣ ದನಿಯಲ್ಲಿ ಅಂದೆ: "ಯಾರು ಮಾಡಿದ್ದಾದ್ರೂ ಇರ್ಲಿ ಬಿಡ್ರಿ. ಎಲ್ಲಾರ ಮುಂದ ಮಕ್ಕಳು ಅದನ್ನ ಬಿಚ್ಚಿ ತಿರುಗಿ ಜೋಡಿಸಿ ತೋರಿಸ್ಲಿ. ಇಷ್ಟರ ನಡಸ್ರಿ."

"ಆಗ್ಲಿ, ಆಗ್ಲಿ. ಪಾತ್ರಿ ಅಕ್ಕಗ ಅಷ್ಟರ ಸಮಾಧಾನ ಆಗ್ಲಿ" ಅಂತ ನಕ್ಕ. ನನ್ನನ್ನು ಜಗ್ಗಿ ಜಗ್ಗಿ ಕೆಳಗಿಳಿಸಿದ್ದಾಯಿತು ಅಂತ ಅವನ ಲೆಕ್ಕ. ತನ್ನ ಮಾಲನ್ನು ತಾನೇ ಒಮ್ಮೆಯೂ ಬಿಚ್ಚಿ ನೋಡದ ವ್ಯಾಪಾರಿ ಮಾಡುವ ತಪ್ಪು ಅದು. ಮೇಡಂ ಆ ನಿಯಮವನ್ನು ಆಗಲೇ ನೋಟೀಸ್ ಬೋರ್ಡಿಗೆ ಹಾಕಿಸಿದರು. ಅವನು ಬಸ್ಸಿನ ಮೇಲೆ ಹಾಕಿಸಿ ಇನ್ನಷ್ಟು ಮಾದರಿ ತರಿಸಿದ. ಕಟ್ಟೆಗೆ ಬಂದು ಕೇಳಿದವರಿಗೆಲ್ಲ ನಾನು ಆ ಮಾದರಿಯ ಒಳಗೇನಿದೆ ಅಂತ ಹೇಳಿದೆ. ಕೇಳದವರ ಮನೆ ಬಾಗಿಲಿಗೆ ಹೋಗಿ ಹೇಳಲಿಲ್ಲ.

ಮೇಳದ ದಿನ ಮೊದಲ ಜ್ವಾಲಾಮುಖಿ ಬಿಚ್ಚಿದಾಗ ಬಂದ ಸದ್ದು ನನಗೆ ಇವತ್ತಿಗೂ ಕಿವಿಯಲ್ಲಿದೆ, ಕರಕ್ ಅಂತ. ಆಮೇಲೆ ಸಾಲಾಗಿ ಕರಕ್, ಕರಕ್. ಗಾಳಿಯಂತ್ರದ ರೆಕ್ಕೆ ಒಂದು ಕಡೆ, ಕಂಬ ಒಂದು ಕಡೆ. ಚಂದ್ರ ಉರುಳಿ ಟೇಬಲಿನ ಕೆಳಗೆ ಹೋದ. ನೆಲವೆಲ್ಲ ಬಿಳಿ ಬಿಳಿ ಕಾಳು. ಕಾಳು ಮಾರುಕಟ್ಟೆಯ ದಲಾಲಿಯೊಬ್ಬರು ಮಗನ ಮಾದರಿಯ ತುಂಡನ್ನು ಕೈಯಲ್ಲಿ ಹಿಡಿದು ಸಾಹುಕಾರನ ಹತ್ತಿರ ಹೋದರು.

"ಏನ್ರಿ ಇದು, ಒಳಗ ಏನೂ ಇಲ್ಲಲ್ರಿ?"

"ಅದು ನೋಡಾಕಷ್ಟ ಇರೋದ್ರಿ" ಅಂದ ಸಾಹುಕಾರ.

"ನೋಡಿದ್ವಲ್ರಿ ಈಗ."

ನಾನು ಈ ಹೊತ್ತಿಗೇ ಕಾದಿದ್ದೆ. ಮಕ್ಕಳ ಬಾಯಿ ಅಳುವಿಗೆ ತಿರುಗುವ ಮುಂಚೆ ಅಂಗಳದ ನಡುವೆ ಚಾಪೆ ಹಾಸಿ ಬುಟ್ಟಿ ಸುರಿದೆ. "ಬರ್ರಿ, ಈಗಿಂದೀಗ ಮಾಡಣ. ಮಗೂನ ಜೊತಿ ಅಪ್ಪನೋ ಅವ್ವನೋ ಒಬ್ರು ಕೂಡ್ರಬೇಕು" ಅಂದೆ. ಚಾಪೆಯನ್ನು ಸರಿಯಾಗಿ ಅವನ ಕುರ್ಚಿಯ ಎದುರಿಗೇ ಹಾಸಿದ್ದೆ. ಇಸ್ತ್ರಿ ಪ್ಯಾಂಟಿನ ಗಂಡಸರು ನೆಲಕ್ಕೆ ಕೂತು ಮಕ್ಕಳ ಜೊತೆ ತಂತಿ ಸುತ್ತುವುದನ್ನು ಅವನು ನೋಡಬೇಕಾಯಿತು. ಆ ದಲಾಲಿಯವರೂ ಕೂತರು. ತುದಿ ಉಜ್ಜದೆ ಹಚ್ಚಿ ಮಗನ ಕೈಲಿ ಬೈಸಿಕೊಂಡರು.

ಸಾಹುಕಾರನಿಗೆ ಸಿಟ್ಟು ನೆತ್ತಿಗೇರಿತ್ತು. ಎಲ್ಲಾದರೂ ಅದನ್ನು ಇಳಿಸಬೇಕಿತ್ತು. ಎದ್ದು ನೇರ ನನ್ನ ಮಗಳ ಟೇಬಲ್ಲಿಗೆ ಬಂದ. ಅವಳು ಡಬ್ಬಿ ಮುಂದಿಟ್ಟುಕೊಂಡು, ಟವೆಲ್ ಕೆಳಗೆ ಕೈ ಇಟ್ಟು ಬೋಲ್ಟಿನ ತಂತಿ ಬಿಚ್ಚುತ್ತಿದ್ದಳು.

"ಟವೆಲ್ ಕೆಳಗ ಏನು ನಡಸೀ? ದನದ ವ್ಯಾಪಾರನಾ? ನಿಮ್ಮಜ್ಜಂದ ಕಸುಬು" ಅಂದ. "ಮುಚ್ಚಿ ಮಾಡೋದೆಲ್ಲ ಮೋಸ. ತೆಗಿ ಅದನ್ನ."

ಹೋದ ವರ್ಷ ನಕ್ಕವರು ಸುತ್ತ ಸೇರಿದರು. ನನ್ನ ಬಾಯಿಗೆ ಬೈಗುಳ ಬಂದಿತ್ತು, ಹಲ್ಲು ಕಚ್ಚಿದೆ. ಟವೆಲ್ಲಿನ ಕೆಳಗೆ ಮಗಳ ಕೈ ನಿಂತಿತು. ಈಗ ಅದು ಕಂಕುಳಿಗೆ ಹೋದರೆ ಮುಗಿಯಿತು, ಇನ್ನು ಹೊರಗೆ ಬರುವುದಿಲ್ಲ ಅಂತ ನನಗೆ ಗೊತ್ತಿತ್ತು. ಅವಳು ಒಂದು ಗಳಿಗೆ ಅವನ ಮುಖ ನೋಡಿದಳು. ಮುಖದಲ್ಲಿ ಏನೂ ಇರಲಿಲ್ಲ, ನಮ್ಮಪ್ಪನ ಹಾಗೆ. ಟವೆಲ್ ತೆಗೆದಳು, ನಿಧಾನ ಮಡಚಿ ದಲಾಲಿಗಳ ಹಾಗೆ ಹೆಗಲಿಗೆ ಹಾಕಿಕೊಂಡಳು. ಉಳಿದ ತಂತಿಯನ್ನು ಎಲ್ಲರ ಕಣ್ಣ ಮುಂದೆ ಬಿಚ್ಚಿದಳು, ತಿರುಗಿ ಸುತ್ತಿದಳು, ಪಾಲಿಶ್ ಕಾಗದದಿಂದ ತುದಿ ಉಜ್ಜಿದಳು, ಸೆಲ್ಲಿಗೆ ಹಚ್ಚಿದಳು. ಬೆರಳು ಎಲ್ಲೂ ತಡವರಿಸಲಿಲ್ಲ.

"ಸಾಹುಕಾರ್ ಅಜ್ಜಾರ, ಡಬ್ಬ್ಯಾಗ ಎರಡು ಚಮಚ ಅದಾವ. ಒಂದು ಅಸಲಿ, ಒಂದು ಖೋಟಾ. ನೀವ ಇಳಿಬಿಟ್ಟು ಹೇಳ್ರಿ" ಅಂತ ತಂತಿಯನ್ನು ಅವನ ಕೈಗೆ ಕೊಟ್ಟಳು.

ಅವನು ಇಳಿಬಿಟ್ಟ. ಟಕ್ ಅಂತು. "ಹತ್ತಿತು ನೋಡ್ರಿ" ಅಂದ, ಹೋದ ಉಸಿರು ಬಂದವನ ಹಾಗೆ. "ಇದು ಅಸಲಿ ಮಾಲು." ಅನ್ನುತ್ತಾ ಎಲ್ಲರಿಗೂ ಕಾಣಲಿ ಅಂತ ಎತ್ತರಕ್ಕೆ ಹಿಡಿದ. ಚಮಚದ ಮೈಯೆಲ್ಲ ತುಕ್ಕಿನ ಕಲೆ.

"ಅದು ನಿಮ್ಮ ಅಂಗಡೀದ್ರಿ ಅಜ್ಜಾರ" ಅಂದಳು ಮಗಳು. "ಹುಣಸಿ ನೀರಾಗ ಇಟ್ಟಿದ್ವಿ. ಇನ್ನೊಂದು ನಮ್ಮವ್ವಂದು. ಅದೂ ಅದೇ ನೀರಾಗ ಇತ್ತು. ಅದನ್ನ ಕೈಲೆ ತಗೀರಿ, ಅದು ಹತ್ತಂಗಿಲ್ಲ."

ಜನ ಕಾಯುತ್ತಿದ್ದರು. ಕೈ ಹಾಕದೆ ಅವನಿಗೆ ಬೇರೆ ದಾರಿ ಇರಲಿಲ್ಲ. ಡಬ್ಬಿಯ ತಳದವರೆಗೆ ಮೊಣಕೈ ಇಳಿಸಿ ತೆಗೆದ. ಹೊಳೆಯುವ ಚಮಚ, ಹಿಡಿಕೆಯ ಮೇಲೆ ನನ್ನ ಅಂಗಡಿಯ ಹೆಸರು. ಈ ಸಲ ನಗೆ ಚಾಪೆಯ ಕಡೆಯಿಂದ ಶುರುವಾಯಿತು. ನಾನು ನಗಲಿಲ್ಲ. ನಕ್ಕರೆ ನೋಡುವುದು ತಪ್ಪಿಹೋಗುತ್ತದೆ. ಅವನ ಕಿವಿ ಕೆಂಪಾಗುವುದನ್ನು ಪೂರ್ತಿ ನೋಡಿದೆ. ಆ ವರ್ಷ ಬಹುಮಾನ ಯಾರಿಗೆ ಹೋಯಿತೋ ನನಗೆ ನೆನಪಿಲ್ಲ.

ವ್ಯಾಪಾರಿ ವ್ಯಾಪಾರಿಯೇ. ಸ್ವಲ್ಪ ದಿನ ಬಿಟ್ಟು ಅವನು ನನ್ನ ಅಂಗಡಿಗೆ ಬಂದ. ಊರಿನ ಮಕ್ಕಳೆಲ್ಲ ತಂತಿ, ಬೋಲ್ಟು ಕೇಳುತ್ತಿದ್ದರು, ಥರ್ಮಾಕೋಲ್ ಯಾರಿಗೂ ಬೇಡವಾಗಿತ್ತು. ನಾನು ಸಗಟಾಗಿ ಕೊಟ್ಟರೆ ಪೊಟ್ಟಣ ಕಟ್ಟಿ ಮಾರುತ್ತೇನೆ ಅಂದ. ಗಿರಾಕಿಗಳ ಮುಂದೆ ರೇಟು ಮಾತಾಡುವುದು ಬೇಡ ಅಂತ ಹೆಗಲ ಟವೆಲ್ ತೆಗೆದು ಕೈ ಮುಂದೆ ಚಾಚಿದ. ದಲಾಲಿಯ ಮಗಳ ಹತ್ತಿರ ದಲಾಲಿಯ ರೀತಿ.

ನಾನು ಟವೆಲ್ಲಿನ ಕೆಳಗೆ ಕೈ ಇಟ್ಟೆ. ಅವನು ಬೆರಳು ಹುಡುಕಿದ. ನಾನು ಮುಷ್ಟಿ ಕಟ್ಟಿದ್ದೆ.

"ವ್ಯಾಪಾರ ಇಲ್ಲೇನ್ರಿ?"

"ಐತ್ರಿ. ಎಲ್ಲಾರಿಗೂ ಇರೋ ರೇಟ ನಿಮಗೂ. ಆದ್ರ ಅದಕ್ಕೂ ಮೊದ್ಲು ನಿಮ್ಮಂಗಡ್ಯಾಗಿನ ಆ ಬೋರ್ಡು ಬೇಕು."

"ಯಾವ ಬೋರ್ಡು?"

"ಮುಟ್ಟಬಾರದು ಅಂತ ಬರದೀರೆಲ್ಲ, ಅದು."

ಅವನು ನನ್ನ ಮುಖ ನೋಡಿದ. ಅಲ್ಲಿ ಅವನಿಗೆ ಏನೂ ಸಿಗಲಿಲ್ಲ. ಎದ್ದು ಹೋದ. ಎರಡು ಸಂತೆ ಕಳೆದ ಮೇಲೆ ಹಲಗೆಯನ್ನು ಹಳೆ ಪೇಪರಿನಲ್ಲಿ ಸುತ್ತಿ ತಾನೇ ತಂದ. ಬೇರೆಯವರ ಕೈಲಿ ಕಳಿಸಿದರೆ ತಗೊಳ್ಳುವುದಿಲ್ಲ ಅಂತ ನಾನು ಮೊದಲೇ ಹೇಳಿ ಕಳಿಸಿದ್ದೆ.

ಮಗಳು ಶಾಲೆಯಿಂದ ಬಂದವಳು ಪೇಪರ್ ಬಿಚ್ಚಿ ಹಲಗೆ ನೋಡಿದಳು. ಕಟ್ಟೆಯ ಆಟಕ್ಕೆ ಬೋಲ್ಟು ನಿಲ್ಲಿಸಲು ಒಂದು ಗಟ್ಟಿ ಹಲಗೆ ಬೇಕು ಅಂತ ಅವಳು ಗೊಣಗುತ್ತಿದ್ದಳು. "ಯವ್ವಾ, ಸ್ಕ್ರೂಡ್ರೈವರ್ ಎಲ್ಲಿಟ್ಟೀ?" ಅಂದಳು. ಕೇಳಿ ಎಷ್ಟು ಕಾಲವಾಗಿತ್ತು ಆ ಮಾತು. ಕಟ್ಟೆಯ ಮೇಲೆ, ಹಗಲು ಬೆಳಕಿನಲ್ಲಿ, ಟವೆಲ್ ಇಲ್ಲದೆ ಕೂತು ತೂಗುಹಾಕುವ ಕೊಕ್ಕೆ ಕಳಚಿದಳು, ಕೆಂಪು ಅಕ್ಷರಗಳ ನಡುವೆಯೇ ತೂತು ಕೊರೆದು ಬೋಲ್ಟು ತೂರಿಸಿ ನಟ್ಟು ಬಿಗಿದಳು. ಮುಗಿದಾಗ ನೆಲದ ಮೇಲೆ ಎರಡು ಸ್ಕ್ರೂ ಉಳಿದಿದ್ದವು.

"ಇವು?" ಅಂದೆ.

"ಅವರು ಸುಮ್ನ ಹಾಕಿದ್ರು" ಅಂದಳು. ಆಮೇಲೆ ಕಪಾಟಿನ ಮೇಲಿನ ಗಡಿಯಾರ ಇಳಿಸಿಕೊಂಡಳು.

ಸಾಹುಕಾರ ತಂತಿಯ ಸುರುಳಿಗೆ ಕಾಯುತ್ತಾ, ಕೈ ಹಿಂದೆ ಕಟ್ಟಿಕೊಂಡು ಅಲ್ಲೇ ನಿಂತು ನೋಡುತ್ತಿದ್ದ. ತಂತಿ ಒಳಗೇ ಇತ್ತು. ಗಡಿಯಾರ ಟಿಕ್ ಅನ್ನುವವರೆಗೆ ನಾನು ತರಲು ಏಳಲಿಲ್ಲ.